ಪಹಣಿಯಲ್ಲಿ ಇಲ್ಲದ ಹೆಸರು: ವಿಚ್ಛೇದನದ ಕಟ್ಟೆಯಲ್ಲಿ ಮಗು, ಜೀವನಾಂಶ ಮತ್ತು ತೋಟ

ಪಹಣಿಯ ಒಂಬತ್ತನೇ ಕಾಲಮಿನಲ್ಲಿ ಜಮೀನಿನ ಖಾತೆದಾರರ ಹೆಸರಿರುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಅಡಿಕೆ ತೋಟಗಳ ಪಹಣಿ ತೆಗೆಸಿ ನೋಡಿದರೆ ಆ ಕಾಲಮಿನಲ್ಲಿ ಬಹುಮಟ್ಟಿಗೆ ಕಾಣುವುದು ಮನೆಯ ಹಿರಿಯ ಗಂಡಸಿನ ಹೆಸರು, ಇಲ್ಲವೆ ಅಣ್ಣತಮ್ಮಂದಿರ ಜಂಟಿ ಹೆಸರು. ಕೊನೆ (ಅಡಿಕೆ ಗೊನೆ) ಕೊಯ್ಲಿನ ದಿನಗಳಲ್ಲಿ ಆಳುಗಳಿಗೆ ಅಡಿಗೆ ಮಾಡಿ ಬಡಿಸಿ, ರಾತ್ರಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದು, ಬೆಳಗಾಗುವ ಮೊದಲೇ ಕೊಟ್ಟಿಗೆ ಕೆಲಸಕ್ಕೆ ಎದ್ದ ಸೊಸೆಯ ಹೆಸರು ಅಲ್ಲಿರುವುದಿಲ್ಲ. ಸಂಸಾರ ನಡೆದಿರುವಷ್ಟು ಕಾಲ ಇದನ್ನು ಯಾರೂ ಕೊರತೆಯೆಂದು ಎಣಿಸುವುದಿಲ್ಲ. ಹತ್ತು ಹನ್ನೆರಡು ವರ್ಷದ ಮದುವೆ ಮುರಿದು, ಮಗುವಿನ ಕೈಹಿಡಿದು ತವರಿಗೆ ಬಂದು, ಒಂದು ದಿನ ವಕೀಲರ ಎದುರು ಕೂತಾಗ ಅವಳ ಬಾಯಿಂದ ಮೂರು ಪ್ರಶ್ನೆಗಳು ಒಂದೇ ಉಸಿರಿಗೆ ಬರುತ್ತವೆ: ಮಗು ನನ್ನ ಹತ್ತಿರ ಉಳಿಯುತ್ತದೆಯೇ, ತಿಂಗಳಿಗೆ ಎಷ್ಟು ಸಿಕ್ಕೀತು, ತೋಟದಲ್ಲಿ ನನಗೆ ಪಾಲಿದೆಯೇ?

ಅವಳಿಗೆ ಇವು ಬೇರೆ ಬೇರೆಯಲ್ಲ, ಮುಂದೆ ಬದುಕುವುದು ಹೇಗೆಂಬ ಒಂದೇ ಚಿಂತೆ. ಕಾನೂನು ಮಾತ್ರ ಮೂರನ್ನೂ ಮೂರು ಅಳತೆಗೋಲಿನಿಂದ ಅಳೆಯುತ್ತದೆ. ಮಗುವಿನ ವಿಷಯದಲ್ಲಿ ಮಗುವಿನ ಹಿತ ಎಲ್ಲಿದೆ ಎಂದು ಕೇಳುತ್ತದೆ. ಜೀವನಾಂಶಕ್ಕೆ ಬಂದಾಗ ಒಬ್ಬರ ಅಗತ್ಯವನ್ನೂ ಇನ್ನೊಬ್ಬರ ಶಕ್ತಿಯನ್ನೂ ತೂಗುತ್ತದೆ. ಆಸ್ತಿಗೆ ಬಂದಾಗ ಕಾಗದ ಯಾರ ಹೆಸರಿನಲ್ಲಿದೆ ಎಂಬಲ್ಲಿಗೆ ನಿಂತುಬಿಡುತ್ತದೆ. ಮೊದಲ ಎರಡರಲ್ಲಿ ನ್ಯಾಯಾಧೀಶರ ವಿವೇಚನೆಗೆ ವಿಶಾಲವಾದ ಅವಕಾಶವಿದೆ. ಮೂರನೆಯದರಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಹೆಂಗಸರು ಕೈಬರಿದು ಮಾಡಿಕೊಂಡು ಹೊರಬರುವುದು ಈ ಮೂರನೆಯ ಪ್ರಶ್ನೆಯಲ್ಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಕಾರಣ ಪೀಠದಲ್ಲಿ ಕೂತವರ ಮನಸ್ಸಲ್ಲ, ಶಾಸನದಲ್ಲಿ ಉಳಿದಿರುವ ತೆರಪು.

ದಾವೆ ಎಲ್ಲಿ ಹೂಡಬೇಕೆಂಬುದು ದೊಡ್ಡ ಗೊಂದಲವಲ್ಲ. 1955ರ ಹಿಂದೂ ವಿವಾಹ ಕಾಯ್ದೆಗೆ 2003ರಲ್ಲಿ ಆದ ತಿದ್ದುಪಡಿಯ ನಂತರ ಹೆಂಡತಿ ತಾನು ಈಗ ವಾಸವಿರುವ ಊರಿನ ನ್ಯಾಯಾಲಯದಲ್ಲೇ ಅರ್ಜಿ ಹಾಕಬಹುದು. ಕಾರವಾರದ ಗಂಡನ ಮನೆ ಬಿಟ್ಟು ಶಿರಸಿಯ ತವರಿಗೆ ಬಂದವಳು ಪ್ರತಿ ವಾಯಿದೆಗೂ ಘಟ್ಟ ಇಳಿಯಬೇಕಾಗಿಲ್ಲ. ಮಗುವಿನ ಪೋಷಕತ್ವದ ಅರ್ಜಿ ಮಗು ಸಾಮಾನ್ಯವಾಗಿ ವಾಸವಿರುವ ಜಾಗದಲ್ಲಿ ನಡೆಯುತ್ತದೆ. ಕೌಟುಂಬಿಕ ನ್ಯಾಯಾಲಯವಿರುವ ಕಡೆ ಅದು, ಇಲ್ಲದ ಕಡೆ ಸಿವಿಲ್ ನ್ಯಾಯಾಲಯ ವಿಚಾರಣೆ ನಡೆಸುತ್ತದೆ, ಹೈಕೋರ್ಟಿನವರೆಗೆ ಹೋಗುವ ಪ್ರಕರಣಗಳು ಧಾರವಾಡ ಪೀಠವನ್ನು ಸೇರುತ್ತವೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗಬೇಕು. ತಾಲೂಕು ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಕೊಟ್ಟರೆ ಸಾಕು. ವಕೀಲರ ಫೀಸಿಗೆ ಬಳೆ ಅಡವಿಡುವ ಮುಂಚೆ ಇದು ಗೊತ್ತಿರಬೇಕಾದ ಸಂಗತಿ.

ಮಗುವಿನ ವಿಷಯದಲ್ಲಿ ಜನರಲ್ಲಿ ಎರಡು ತಪ್ಪು ನಂಬಿಕೆಗಳು ಬೇರೂರಿವೆ. ಐದು ವರ್ಷ ತುಂಬಿದೊಡನೆ ಮಗು ತಂದೆಗೆ ಸೇರುತ್ತದೆ ಎಂಬುದು ಒಂದು. ಸ್ವಂತ ದುಡಿಮೆಯಿಲ್ಲದ ತಾಯಿಗೆ ಮಗುವನ್ನು ಕೊಡುವುದಿಲ್ಲ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಮೂಲ 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆಯ 6ನೇ ಸೆಕ್ಷನ್. ತಂದೆ ಸಹಜ ಪೋಷಕ, ಅವನ ನಂತರ ತಾಯಿ, ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರತಕ್ಕದ್ದು ಎಂದು ಅದು ಹೇಳುತ್ತದೆ. ಇಲ್ಲಿ ‘ನಂತರ’ ಎಂದರೆ ತಂದೆ ಸತ್ತ ಮೇಲೆ ಎಂದೇ ಅರ್ಥವಲ್ಲ, ತಂದೆ ಮಗುವಿನ ಹೊಣೆ ಹೊರದೆ ದೂರವಿದ್ದಾಗಲೂ ತಾಯಿಯೇ ಪೋಷಕಿ ಎಂದು ಸುಪ್ರೀಂ ಕೋರ್ಟ್ 1999ರಲ್ಲಿ ಸ್ಪಷ್ಟಪಡಿಸಿತು. ಅದಕ್ಕಿಂತ ಮುಖ್ಯವಾಗಿ ಅದೇ ಕಾಯ್ದೆಯ 13ನೇ ಸೆಕ್ಷನ್ ಮಗುವಿನ ಹಿತವೇ ಎಲ್ಲಕ್ಕಿಂತ ಮೇಲಿನ ಪರಿಗಣನೆ ಎನ್ನುತ್ತದೆ. ತಂದೆಯ ಹಕ್ಕಾಗಲಿ ತಾಯಿಯ ಹಕ್ಕಾಗಲಿ ಅದರ ಕೆಳಗೇ ಬರಬೇಕು. ಐದು ವರ್ಷವೆಂಬುದು ಗಡುವಿನಂತೆ ಮುಗಿದುಹೋಗುವ ದಿನಾಂಕವಲ್ಲ. ಎರಡನೆಯ ನಂಬಿಕೆಗಂತೂ ಆಧಾರವೇ ಇಲ್ಲ. ತಾಯಿಗೆ ಸಂಪಾದನೆ ಇಲ್ಲವೆಂದರೆ ಮಗುವಿನ ಖರ್ಚನ್ನು ತಂದೆಯಿಂದ ಕೊಡಿಸುವುದು ನ್ಯಾಯಾಲಯದ ಕೆಲಸ. ಖರ್ಚು ಕೊಡಬಲ್ಲವನ ಕೈಗೆ ಮಗುವನ್ನೇ ಒಪ್ಪಿಸುವುದಲ್ಲ.

ಹಿತವೆಂದರೆ ಏನು? 1890ರ ಪೋಷಕರು ಮತ್ತು ಪೋಷಿತರ ಕಾಯ್ದೆಯ 17ನೇ ಸೆಕ್ಷನ್ ಮಗುವಿನ ವಯಸ್ಸು, ಲಿಂಗ, ಧರ್ಮ, ಪೋಷಕನಾಗ ಬಯಸುವವರ ನಡತೆ ಮತ್ತು ಸಾಮರ್ಥ್ಯ, ತಿಳಿವಳಿಕೆ ಬಂದ ಮಗುವಾದರೆ ಅದರ ಇಚ್ಛೆ, ಇವನ್ನೆಲ್ಲ ನೋಡಬೇಕೆನ್ನುತ್ತದೆ. ನಿತ್ಯದ ವಿಚಾರಣೆಯಲ್ಲಿ ಇದು ಬಹಳ ಸಣ್ಣ ಸಣ್ಣ ಸಂಗತಿಗಳಾಗಿ ಇಳಿಯುತ್ತದೆ. ಲಸಿಕೆ ಹಾಕಿಸಿದ ಚೀಟಿ ಯಾರ ಹತ್ತಿರವಿದೆ, ಶಾಲೆಯ ಪಾಲಕರ ಸಭೆಯ ರಿಜಿಸ್ಟರಿನಲ್ಲಿ ಯಾರ ಸಹಿ ಇದೆ, ಜ್ವರ ಬಂದ ರಾತ್ರಿ ಆಸ್ಪತ್ರೆಗೆ ಕರೆದೊಯ್ದವರು ಯಾರು? ಎಂಟು ಒಂಬತ್ತು ವರ್ಷದ ಮಗುವನ್ನು ನ್ಯಾಯಾಧೀಶರು ತೆರೆದ ಕೋರ್ಟಿನಲ್ಲಿ ನಿಲ್ಲಿಸದೆ ತಮ್ಮ ಕೊಠಡಿಗೆ ಕರೆಸಿ ಮಾತಾಡಿಸುತ್ತಾರೆ. ‘ಅಪ್ಪ ಬೇಕೋ, ಅಮ್ಮ ಬೇಕೋ’ ಎಂದು ಕೇಳುವುದು ಕ್ರೂರ ಪ್ರಶ್ನೆ, ಅನುಭವಿಗಳು ಅದನ್ನು ಕೇಳುವುದಿಲ್ಲ. ನಿನ್ನ ಟೀಚರ ಹೆಸರೇನು, ಬೆಳಿಗ್ಗೆ ಜಡೆ ಹಾಕುವವರು ಯಾರು, ಶಾಲೆಯಿಂದ ಬಂದಾಗ ಮನೆಯಲ್ಲಿ ಯಾರಿರುತ್ತಾರೆ ಎಂದು ಕೇಳುತ್ತಾರೆ. ಯಾರೋ ಉರುಹೊಡೆಸಿ ಕಳಿಸಿದ ಉತ್ತರವೋ, ಮಗುವಿನದೇ ಮಾತೋ ಎಂಬುದು ಇಂಥ ಪ್ರಶ್ನೆಗಳಲ್ಲಿ ತಿಳಿದುಬಿಡುತ್ತದೆ. ತಂದೆ ಬೆಂಗಳೂರಿನಲ್ಲಿ ನೌಕರಿ ಮಾಡುತ್ತ ಮಗುವನ್ನು ಊರಲ್ಲಿ ಅಜ್ಜ ಅಜ್ಜಿಯರ ಬಳಿ ಇರಿಸುತ್ತೇನೆ ಎಂದು ಹೇಳುವ ಪ್ರಕರಣಗಳಲ್ಲಿ, ಅಜ್ಜಿಯ ಪ್ರೀತಿ ಎಷ್ಟೇ ದೊಡ್ಡದಾದರೂ, ಸಮರ್ಥಳಾದ ತಾಯಿ ಇರುವಾಗ ಆ ವಾದ ಗೆಲ್ಲುವುದು ಕಷ್ಟ.

ಒಂದು ಅನ್ಯಾಯವನ್ನು ಇಲ್ಲಿ ಹೇಳಲೇಬೇಕು. ಮಗು ಒಂದು ಕಡೆ ಹೊಂದಿಕೊಂಡ ಮೇಲೆ ಅದನ್ನು ಕಿತ್ತು ಇನ್ನೊಂದು ಕಡೆ ನೆಡಲು ನ್ಯಾಯಾಲಯಗಳು ಹಿಂಜರಿಯುತ್ತವೆ, ಮತ್ತು ಆ ಹಿಂಜರಿಕೆ ಸರಿಯಾದದ್ದೇ. ಆದರೆ ಮಧ್ಯಂತರ ಅರ್ಜಿ ಒಂದೂವರೆ ವರ್ಷ ವಾಯಿದೆಯ ಮೇಲೆ ವಾಯಿದೆ ತಿಂದರೆ, ಜಗಳದ ದಿನ ಮಗುವನ್ನು ಯಾರು ಎತ್ತಿಕೊಂಡು ಹೋದರೋ ಅವರ ಕಡೆಗೇ ಕಾಲ ವಾಲುತ್ತದೆ. ಹಿಂದೂ ವಿವಾಹ ಕಾಯ್ದೆಯ 26ನೇ ಸೆಕ್ಷನ್ನಿನಡಿ ಮಗುವಿನ ಪೋಷಣೆ ಮತ್ತು ಶಿಕ್ಷಣಕ್ಕೆ ಸಂಬಂಧಿಸಿದ ಮಧ್ಯಂತರ ಅರ್ಜಿಯನ್ನು ನೋಟಿಸು ಜಾರಿಯಾದ 60 ದಿನಗಳೊಳಗೆ ಸಾಧ್ಯವಾದಷ್ಟೂ ತೀರಿಸಬೇಕೆಂದಿದೆ. ‘ಸಾಧ್ಯವಾದಷ್ಟೂ’ ಎಂಬ ಆ ಒಂದು ಮಾತಿನಲ್ಲಿ ಎಷ್ಟೋ ತಿಂಗಳುಗಳು ಸೋರಿಹೋಗುತ್ತವೆ.

ಮಗು ಯಾರ ಬಳಿ ಇಲ್ಲವೋ ಅವರ ಭೇಟಿಯ ಹಕ್ಕನ್ನು ಸುಪ್ರೀಂ ಕೋರ್ಟ್ 2020ರಲ್ಲಿ ಮಗುವಿನ ಕಡೆಯಿಂದ ನೋಡಿತು: ತಂದೆ ತಾಯಿ ಇಬ್ಬರ ಪ್ರೀತಿಯೂ ಮಗುವಿನ ಹಕ್ಕು, ಎದುರಾ ಎದುರು ಭೇಟಿ ಸಾಧ್ಯವಾಗದಲ್ಲಿ ವಿಡಿಯೋ ಕರೆಯಾದರೂ ಇರಬೇಕು. ಕರ್ನಾಟಕ ಹೈಕೋರ್ಟ್ 2013ರಲ್ಲಿ ಒಂದು ಪ್ರಕರಣದಲ್ಲಿ ವರ್ಷದ ಆರು ತಿಂಗಳು ತಂದೆಯ ಬಳಿ, ಆರು ತಿಂಗಳು ತಾಯಿಯ ಬಳಿ ಮಗು ಇರುವಂತೆ ಆದೇಶಿಸಿತ್ತು. ಇಬ್ಬರೂ ಒಂದೇ ನಗರದಲ್ಲಿದ್ದು ಶಾಲೆ ಬದಲಾಗದಿದ್ದರೆ ಅದು ನಡೆದೀತು. ನಮ್ಮಲ್ಲಿ ಒಬ್ಬರು ಕಾರವಾರದಲ್ಲಿ, ಇನ್ನೊಬ್ಬರು ಘಟ್ಟದ ಮೇಲೆ, ನಡುವೆ ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ‘ಎರಡನೇ ಮತ್ತು ನಾಲ್ಕನೇ ಶನಿವಾರ ಹತ್ತರಿಂದ ಐದರವರೆಗೆ’ ಎಂದು ಸಿದ್ಧ ನಮೂನೆಯಲ್ಲಿ ಬರೆದ ಆದೇಶ ಮಳೆಗಾಲದಲ್ಲಿ ಕಾಗದದ ಮೇಲೇ ಉಳಿಯುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು 66ನೇ ರಾಷ್ಟ್ರೀಯ ಹೆದ್ದಾರಿ ದಿನಗಟ್ಟಲೆ ಮುಚ್ಚಿತ್ತು. ಮೂರು ವಾರ ಕಳೆದೊಡನೆ ಕಾಳಿ ನದಿಯ ಹಳೆಯ ಸೇತುವೆ ಬಿದ್ದಿತು. ಅಂಥ ವಾರದಲ್ಲಿ ಮಗುವನ್ನು ಕಳಿಸದ ತಾಯಿ ಆದೇಶ ಉಲ್ಲಂಘಿಸಿದಳೆಂದು ಅರ್ಜಿ ಹಾಕಲು ಎದುರು ಕಡೆಯವರಿಗೆ ಅಡ್ಡಿಯಿಲ್ಲ. ಭೇಟಿಯ ವೇಳಾಪಟ್ಟಿ ಬರೆಯುವಾಗಲೇ ಮಳೆಗಾಲಕ್ಕೆ ಬೇರೆ ಏರ್ಪಾಡು, ಅರ್ಧ ದಾರಿಯ ಕುಮಟಾದಲ್ಲಿ ಹಸ್ತಾಂತರ, ದಸರಾ ಮತ್ತು ಬೇಸಿಗೆ ರಜೆಯ ಹಂಚಿಕೆ, ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆಯ ದಿನಗಳು, ಇವನ್ನೆಲ್ಲ ಹೆಸರಿಸಿ ಬರೆಸಿಕೊಂಡರೆ ಮುಂದಿನ ಹತ್ತು ಅರ್ಜಿಗಳು ತಪ್ಪುತ್ತವೆ. ಇದು ವಕೀಲರಿಬ್ಬರೂ ಅರ್ಧ ಗಂಟೆ ಕೂತರೆ ಆಗುವ ಕೆಲಸ.

ಜೀವನಾಂಶದ ಚರ್ಚೆ 2024ರ ಕೊನೆಯಿಂದ ಬಹಳ ಬಿಸಿಯಾಗಿದೆ. ಆ ಡಿಸೆಂಬರ್ 10ರಂದು ಸುಪ್ರೀಂ ಕೋರ್ಟ್ ಶಾಶ್ವತ ಜೀವನಾಂಶ ನಿಗದಿಪಡಿಸುವಾಗ ನೋಡಬೇಕಾದ ಎಂಟು ಅಂಶಗಳನ್ನು ಮತ್ತೊಮ್ಮೆ ಪಟ್ಟಿಮಾಡಿತು: ಇಬ್ಬರ ಸಾಮಾಜಿಕ ಮತ್ತು ಆರ್ಥಿಕ ಸ್ಥಿತಿ, ಹೆಂಡತಿ ಮಕ್ಕಳ ನ್ಯಾಯವಾದ ಅಗತ್ಯ, ವಿದ್ಯೆ ಮತ್ತು ಉದ್ಯೋಗ, ಸ್ವಂತ ಆದಾಯ, ಮದುವೆಯ ಮನೆಯಲ್ಲಿದ್ದ ಜೀವನಮಟ್ಟ, ಸಂಸಾರಕ್ಕಾಗಿ ಬಿಟ್ಟುಕೊಟ್ಟ ನೌಕರಿ, ವ್ಯಾಜ್ಯದ ಖರ್ಚು, ಗಂಡನ ಶಕ್ತಿ ಮತ್ತು ಅವನ ಮೇಲಿನ ಇತರ ಹೊಣೆಗಳು. ಒಂಬತ್ತೇ ದಿನಗಳ ನಂತರ ಬಂದ ಇನ್ನೊಂದು ತೀರ್ಪು, ಬೇರ್ಪಟ್ಟ ಮೇಲೆ ಗಂಡ ಗಳಿಸಿದ ಸಂಪತ್ತಿಗೆಲ್ಲ ಸರಿಸಮನಾಗಿ ಜೀವನಾಂಶ ಕೇಳುವಂತಿಲ್ಲ ಎಂದಿತು. ಪತ್ರಿಕೆಗಳಲ್ಲಿ ಬಂದದ್ದು ಐದು ಕೋಟಿ, ಹನ್ನೆರಡು ಕೋಟಿಯ ಅಂಕಿಗಳು. ಅವು ನಮ್ಮ ಊರಿನ ಪ್ರಕರಣಗಳ ಅಂಕಿಗಳಲ್ಲ. ಇಲ್ಲಿಯ ಮೂಲಭೂತ ತೊಡಕು ಮೊತ್ತದ್ದಲ್ಲ. ಆದಾಯವನ್ನು ರುಜುವಾತು ಮಾಡುವುದರದ್ದು.

ಕೈಗಾದ ಅಣುಸ್ಥಾವರದಲ್ಲೋ ಕಾರವಾರದ ನೌಕಾನೆಲೆಯಲ್ಲೋ ಸಂಬಳಕ್ಕಿರುವವನ ಆದಾಯ ಒಂದು ಕಾಗದದಲ್ಲಿ ಕಾಣುತ್ತದೆ. ನಿವ್ವಳ ಸಂಬಳದ ಕಾಲುಭಾಗ ನ್ಯಾಯವಾದ ಮೊತ್ತವೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಅಲ್ಲಿ ಲೆಕ್ಕಕ್ಕೆ ಇಟ್ಟುಕೊಳ್ಳಬಹುದು, ಅದು ಕಡ್ಡಾಯ ಸೂತ್ರವಲ್ಲದಿದ್ದರೂ. ಅಡಿಕೆ ಬೆಳೆಗಾರನ ಆದಾಯ ಹಾಗಲ್ಲ. ಕೃಷಿ ಆದಾಯಕ್ಕೆ ತೆರಿಗೆಯಿಲ್ಲ, ಆದ್ದರಿಂದ ರಿಟರ್ನ್ಸ್ ಇಲ್ಲ. ತೋಟ ತಂದೆಯ ಹೆಸರಿನಲ್ಲಿದೆ, ಅಡಿಕೆ ಮಾರಿದ ಹಣ ತಾಯಿಯ ಖಾತೆಗೆ ಹೋಗಿದೆ, ಗಂಡ ನ್ಯಾಯಾಲಯದಲ್ಲಿ ‘ನನಗೆ ಸ್ವಂತ ಆದಾಯವಿಲ್ಲ, ಅಪ್ಪನ ಜೊತೆ ಇದ್ದೇನೆ’ ಎನ್ನುತ್ತಾನೆ. ಬಂದರಿನಲ್ಲಿ ಬೋಟಿಗೆ ಹೋಗುವವನಿಗೆ ಸಿಗುವುದು ಹಿಡಿದ ಮೀನಿನ ಪಾಲು. ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ನಿಷೇಧವಿದ್ದಾಗ ಅದೂ ಇಲ್ಲ. ತಿಂಗಳಿಗೆ ಇಷ್ಟು ಎಂಬ ಆದೇಶ ಅವನ ಕೈಗೆ ಹಣ ಬರುವ ಹಂಗಾಮಿಗೆ ಹೊಂದುವುದೇ ಇಲ್ಲ, ಮತ್ತು ಬಾಕಿ ಶುರುವಾಗುವುದು ಆ ಎರಡು ತಿಂಗಳಲ್ಲೇ. ನಿಷೇಧದ ಅವಧಿಯ ಮೊತ್ತವನ್ನು ಹಂಗಾಮಿನ ತಿಂಗಳುಗಳಲ್ಲಿ ಸೇರಿಸಿ ಕೊಡುವಂತೆ ಬರೆಸುವುದನ್ನು ಯಾವ ಕಾನೂನೂ ತಡೆಯುವುದಿಲ್ಲ.

ಈ ಕತ್ತಲೆಗೆ ದೀಪ ಹಿಡಿದದ್ದು 2020ರ ನವೆಂಬರ್ 4ರ ರಜನೇಶ್ ಮತ್ತು ನೇಹಾ ಪ್ರಕರಣದ ತೀರ್ಪು. ಜೀವನಾಂಶದ ಪ್ರತಿ ಅರ್ಜಿಯಲ್ಲಿ ಗಂಡ ಹೆಂಡತಿ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲಗಳ ಪ್ರಮಾಣಪತ್ರವನ್ನು ಸಲ್ಲಿಸಲೇಬೇಕೆಂದು ಅದು ಕಡ್ಡಾಯ ಮಾಡಿತು. ಆ ತೀರ್ಪಿನ ಜೊತೆಗೆ ಕೃಷಿಕರಿಗೆಂದೇ ಬೇರೆ ನಮೂನೆಯೊಂದಿದೆ ಎಂಬುದನ್ನು ನಮ್ಮ ಕಡೆ ಗಮನಿಸಿದವರು ಕಡಿಮೆ. ಒಟ್ಟು ಎಷ್ಟು ಜಮೀನು, ಅದರಲ್ಲಿ ತನ್ನ ಹಿಸ್ಸೆ ಎಷ್ಟು, ತರಿಯೋ (ನೀರಾವರಿ) ಖುಷ್ಕಿಯೋ (ಮಳೆಯಾಶ್ರಿತ), ಯಾವ ಬೆಳೆ, ಹಿಂದಿನ ಮೂರು ವರ್ಷದ ಆದಾಯವೆಷ್ಟು, ದನಕರುಗಳೆಷ್ಟು, ಜೇನು ಸಾಕಣೆ ಇದೆಯೇ, ಸಾಲವಿದೆಯೇ ಎಂದು ಅದು ಒಂದೊಂದಾಗಿ ಕೇಳುತ್ತದೆ. ಪ್ರಮಾಣಪತ್ರದಲ್ಲಿ ಮೂರು ಎಕರೆ ತೋಟಕ್ಕೆ ವರ್ಷಕ್ಕೆ ಮೂವತ್ತು ಸಾವಿರ ಎಂದು ಬರೆದವನನ್ನು ಪಾಟೀಸವಾಲಿಗೆ ನಿಲ್ಲಿಸಲು ಬೇಕಾದ ಕಾಗದ ಶಿರಸಿ ಪೇಟೆಯಲ್ಲೇ ಇದೆ. ಅಡಿಕೆ ಹೋಗುವುದು ಬಹುಪಾಲು ಸಹಕಾರಿ ಮಾರಾಟ ಸಂಘಗಳಿಗೆ. ಅಡಿಕೆಯ ಬಗೆಗಳಾದ ಚಾಲಿ ಎಷ್ಟು, ರಾಶಿ ಎಷ್ಟು, ಯಾವ ದಿನ ಯಾವ ದರಕ್ಕೆ ಮಾರಾಟವಾಯಿತು, ಮುಂಗಡ ಎಷ್ಟು ಕಡಿತವಾಯಿತು ಎಂಬುದೆಲ್ಲ ಸದಸ್ಯರ ಖಾತೆ ಉತಾರದಲ್ಲಿರುತ್ತದೆ. ಪ್ರಾಥಮಿಕ ಪತ್ತಿನ ಸಂಘದಲ್ಲಿ ಬೆಳೆಸಾಲ ಎತ್ತುವಾಗ ಇದೇ ಗಂಡ ತನ್ನ ಬೆಳೆಯನ್ನು ಎಷ್ಟೆಂದು ತೋರಿಸಿದ್ದಾನೆ ಎಂಬುದೂ ದಾಖಲೆಯಲ್ಲಿದೆ. ನ್ಯಾಯಾಲಯದ ಮೂಲಕ ಅವನ್ನು ತರಿಸಿಕೊಳ್ಳಬಹುದು. ಯಾರೂ ಕೇಳದಿದ್ದರೆ ನ್ಯಾಯಾಧೀಶರ ಮುಂದೆ ಉಳಿಯುವುದು ಇಬ್ಬರ ಬಾಯಿಮಾತು ಮಾತ್ರ. ಆಗ ಮೊತ್ತ ಅಂದಾಜಿನ ಮೇಲೆ, ಬಹುತೇಕ ಕಡಿಮೆಗೇ, ನಿಲ್ಲುತ್ತದೆ. ಮೈಯಲ್ಲಿ ಕಸುವಿರುವ ಗಂಡ ದುಡಿದು ಹೆಂಡತಿ ಮಕ್ಕಳನ್ನು ಸಾಕಬೇಕು, ಆದಾಯವಿಲ್ಲವೆಂಬ ನೆಪ ಸಲ್ಲದು ಎಂಬ ತತ್ವವನ್ನು ಸುಪ್ರೀಂ ಕೋರ್ಟ್ 2022ರಲ್ಲೂ ಪುನರುಚ್ಚರಿಸಿದೆ, ಆದರೆ ಆ ತತ್ವ ಕೊಡಿಸುವುದು ಕೂಲಿಯ ಲೆಕ್ಕದ ಜೀವನಾಂಶ, ತೋಟದ ಲೆಕ್ಕದ್ದಲ್ಲ.

ಓದಿದ ಹೆಂಡತಿ ದುಡಿಯಬಹುದಲ್ಲ ಎಂಬ ಪ್ರಶ್ನೆಗೆ ನಮ್ಮ ಹೈಕೋರ್ಟಿನಿಂದಲೇ ಎರಡು ದನಿಗಳು ಕೇಳಿಬಂದಿವೆ. ಮದುವೆಗೆ ಮೊದಲು ಕೆಲಸದಲ್ಲಿದ್ದವಳು ಸುಮ್ಮನೆ ಕೂತು ಪೂರ್ತಿ ಜೀವನಾಂಶ ಕೇಳುವಂತಿಲ್ಲವೆಂದು 2023ರಲ್ಲಿ ಒಂದು ಆದೇಶ ಮೊತ್ತವನ್ನು ಹತ್ತು ಸಾವಿರದಿಂದ ಐದಕ್ಕೆ ಇಳಿಸಿದ್ದನ್ನು ಎತ್ತಿಹಿಡಿಯಿತು. 2024ರಲ್ಲಿ ಇನ್ನೊಂದು ಆದೇಶ, ಮಕ್ಕಳನ್ನು ನೋಡಿಕೊಳ್ಳುವ ತಾಯಿಯ ಕೆಲಸ ದಿನವಿಡೀ ನಡೆಯುವ ಕೆಲಸ, ಅವಳನ್ನು ಸೋಮಾರಿ ಎನ್ನಲಾಗದು ಎಂದು ಹೇಳಿ 18,000ವನ್ನು 36,000ಕ್ಕೆ ಏರಿಸಿತು. ಎರಡನೆಯದೇ ವಾಸ್ತವಕ್ಕೆ ಹತ್ತಿರ ಎಂದು ನಾನು ನಂಬುತ್ತೇನೆ. ಹತ್ತು ವರ್ಷ ಹಳ್ಳಿಯ ಮನೆಯಲ್ಲಿದ್ದ ಪದವೀಧರೆಗೆ ಕುಮಟಾದಲ್ಲೋ ಶಿರಸಿಯಲ್ಲೋ ಏಕಾಏಕಿ ಸಿಗುವ ನೌಕರಿ ಯಾವುದು?

ಮುಸ್ಲಿಂ ಮಹಿಳೆಯರ ವಿಷಯದಲ್ಲಿ ಭಟ್ಕಳ, ಹೊನ್ನಾವರದ ಕಡೆ ಇನ್ನೂ ಉಳಿದಿರುವ ಅನುಮಾನಕ್ಕೆ ಸುಪ್ರೀಂ ಕೋರ್ಟಿನ 2024ರ ಜುಲೈ 10ರ ತೀರ್ಪು ಉತ್ತರ ಕೊಟ್ಟಿದೆ: ತಲಾಖ್ ಆದ ಮಹಿಳೆಗೂ ಜೀವನಾಂಶ ಕೊಡಿಸುವ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಸೆಕ್ಷನ್ ಅನ್ವಯಿಸುತ್ತದೆ, ವಿಚ್ಛೇದಿತ ಮುಸ್ಲಿಂ ಮಹಿಳೆಯರ ಹಕ್ಕುಗಳ ಕುರಿತ 1986ರ ಕಾಯ್ದೆ ಅದನ್ನು ಕಸಿದುಕೊಳ್ಳುವುದಿಲ್ಲ. ಆ 125 ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144 ಆಗಿದೆ. ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆಯಿದೆ. ಮಧ್ಯಂತರ ಜೀವನಾಂಶ ಗಂಡನ ಆದಾಯದ ಐದನೇ ಒಂದು ಭಾಗ ಮೀರಬಾರದೆಂದು ಅದರಲ್ಲಿದ್ದ ಮಿತಿ 2001ರಲ್ಲಿ ಹೋಯಿತು.

ಆದೇಶ ಸಿಕ್ಕ ಮೇಲೆ ವಸೂಲಿಯದೇ ಒಂದು ಎರಡನೇ ವ್ಯಾಜ್ಯ. ಸಂಬಳದವನಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಸೆಕ್ಷನ್ ಹೆಂಡತಿಯ ಪರವಾಗಿದೆ: ಜೀವನಾಂಶದ ಡಿಕ್ರಿಗೆ ಸಂಬಳದ ಮೂರನೇ ಎರಡು ಭಾಗದವರೆಗೆ ಜಪ್ತಿ ಮಾಡಬಹುದು. ನಾಗರಿಕ ಸುರಕ್ಷಾ ಸಂಹಿತೆಯ 144ರಡಿ ಒಂದೊಂದು ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಸೆರೆವಾಸವಿದೆ, ಆದರೆ ಬಾಕಿಯಾದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ‘ಕೊಡುತ್ತಾನೆ, ನೋಡೋಣ’ ಎಂದು ಕಾಯುತ್ತ ಕೂತವರು ಈ ಗಡುವಿನಲ್ಲಿ ಕಳೆದುಕೊಂಡದ್ದು ಬಹಳ.

ಇನ್ನು ಮೂರನೆಯ ಪ್ರಶ್ನೆ. ಮದುವೆಯಾದ ಮೇಲೆ ಇಬ್ಬರೂ ಸೇರಿ ಬೆಳೆಸಿದ ಆಸ್ತಿಯನ್ನು ವಿಚ್ಛೇದನದಲ್ಲಿ ಹಂಚಬೇಕೆಂಬ ಕಾನೂನು ಕರ್ನಾಟಕದಲ್ಲಿ ಇಲ್ಲ. ಹಿಂದೂ ವಿವಾಹ ಕಾಯ್ದೆಯ 27ನೇ ಸೆಕ್ಷನ್ ಮುಟ್ಟುವುದು ಮದುವೆಯ ಸಮಯದಲ್ಲಿ ಇಬ್ಬರಿಗೂ ಜಂಟಿಯಾಗಿ ಬಂದ ಉಡುಗೊರೆಗಳನ್ನು ಮಾತ್ರ. ಉಳಿದಂತೆ ಯಾರ ಹೆಸರಿನದು ಯಾರಿಗೆ. ಸ್ತ್ರೀಧನ ಅವಳದೇ; 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಕಷ್ಟಕಾಲದಲ್ಲಿ ಗಂಡ ಅದನ್ನು ಬಳಸಿದರೂ ಹಿಂದಿರುಗಿಸುವ ಹೊಣೆ ಅವನದೇ ಎಂದು ಹೇಳಿ, 89 ಪವನು ಚಿನ್ನ ಕಳೆದುಕೊಂಡ ಮಹಿಳೆಗೆ 25 ಲಕ್ಷ ಕೊಡಿಸಿತು. ಆದರೆ ಚಿನ್ನ ಕೊಟ್ಟದ್ದಕ್ಕೆ ಸಾಕ್ಷ್ಯ ಬೇಕು. ಮದುವೆಯಲ್ಲಿ ಕೊಟ್ಟ ಉಡುಗೊರೆಗಳ ಪಟ್ಟಿ ಬರೆದು ಸಹಿ ಹಾಕಿಡಬೇಕೆಂಬ ನಿಯಮ 1985ರಿಂದ ಇದ್ದರೂ ನಮ್ಮ ಮದುವೆಮನೆಗಳಲ್ಲಿ ಅದನ್ನು ಬರೆಯುವುದು ಅಪಶಕುನವೆಂಬಂತೆ ಬಿಟ್ಟುಬಿಡುತ್ತಾರೆ. ಕೊನೆಗೆ ಆಧಾರವಾಗುವುದು ಚಿನ್ನದಂಗಡಿಯ ಮಾಸಿದ ರಸೀದಿ ಮತ್ತು ಮದುವೆಯ ಫೋಟೋದಲ್ಲಿ ಕಾಣುವ ಸರ.

ಕಾರವಾರದಿಂದ ಕಾಳಿ ದಾಟಿ, ಸದಾಶಿವಗಡ ದಾಟಿ, ಮಾಜಾಳಿಯ ಗಡಿ ದಾಟಿದರೆ ಕಾನೂನೇ ಬೇರೆ. ಗೋವಾದಲ್ಲಿ ಇಂದಿಗೂ ನಡೆಯುವುದು 1867ರ ಪೋರ್ಚುಗೀಸ್ ನಾಗರಿಕ ಸಂಹಿತೆಯಿಂದ ಬಂದ ವ್ಯವಸ್ಥೆ. ಮದುವೆಗೆ ಮುಂಚೆ ಬೇರೆ ಕರಾರು ಬರೆಯದಿದ್ದರೆ ಇಬ್ಬರ ಆಸ್ತಿಯೂ ಒಂದಾಗುತ್ತದೆ, ವಿಚ್ಛೇದನವಾದರೆ ಸಮಪಾಲು. ಹೆಂಡತಿಯ ಸಹಿ ಇಲ್ಲದೆ ಗಂಡ ಮನೆ ಜಮೀನು ಮಾರುವಂತಿಲ್ಲ. ಅಲ್ಲಿಯೂ ಎಲ್ಲ ಸರಿಯಿದೆಯೆಂದಲ್ಲ. ಸಂಸಾರ ನಡೆದಿರುವಾಗ ಆಸ್ತಿಯ ಆಡಳಿತ ಗಂಡನ ಕೈಯಲ್ಲೇ, ಸಾಲವೂ ಇಬ್ಬರ ತಲೆಗೆ. ಆದರೂ ಒಂದೇ ಮನೆಯ ಅಕ್ಕತಂಗಿಯರಲ್ಲಿ ಒಬ್ಬಳು ಕಾಣಕೋಣದ ಗೋವೆಯ ಮನೆತನಕ್ಕೂ ಇನ್ನೊಬ್ಬಳು ಅಂಕೋಲೆಗೂ ಸೊಸೆಯಾಗಿ ಹೋದರೆ, ಹತ್ತು ವರ್ಷದ ನಂತರ ಮದುವೆ ಮುರಿದಾಗ ಒಬ್ಬಳು ಪಾಲುಗಾರ್ತಿ, ಇನ್ನೊಬ್ಬಳು ಅರ್ಜಿದಾರಳು. ಎರಡೂ ಊರುಗಳ ನಡುವೆ ಬಸ್ಸಿನಲ್ಲಿ ಅರ್ಧ ದಿನದ ದಾರಿಯೂ ಇಲ್ಲ.

ಇದನ್ನು ಸರಿಪಡಿಸುವ ಪ್ರಯತ್ನ ಆಗದೇ ಇಲ್ಲ. ಗಂಡನ ಸ್ಥಿರಾಸ್ತಿಯಲ್ಲಿ ಹೆಂಡತಿಗೆ ಪಾಲು ಕೊಡುವ ಅವಕಾಶವಿದ್ದ ವಿವಾಹ ಕಾನೂನುಗಳ ತಿದ್ದುಪಡಿ ಮಸೂದೆ 2013ರಲ್ಲಿ ರಾಜ್ಯಸಭೆಯಲ್ಲಿ ಅಂಗೀಕಾರವಾಗಿ, 2014ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ಬಿದ್ದುಹೋಯಿತು. 2023ರಲ್ಲಿ ಮದ್ರಾಸ್ ಹೈಕೋರ್ಟ್, ಮನೆ ನೋಡಿಕೊಂಡ ಹೆಂಡತಿಯ ದುಡಿಮೆಯೂ ಗಂಡ ಕೊಂಡ ಆಸ್ತಿಯಲ್ಲಿ ಸೇರಿದೆ ಎಂದು ಅವಳಿಗೆ ಸಮಪಾಲು ಕೊಟ್ಟಿತು. ಅದು ತಮಿಳುನಾಡಿನ ತೀರ್ಪು, ನಮ್ಮ ನ್ಯಾಯಾಲಯಗಳ ಮುಂದೆ ವಾದವಾಗಿ ಇಡಬಹುದೇ ಹೊರತು ಕಟ್ಟಳೆಯಲ್ಲ. ಆದರೂ ಕೊನೆ ಕೊಯ್ಲಿನ ಮನೆಗಳ ಸೊಸೆಯಂದಿರಿಗಿಂತ ಚೆನ್ನಾಗಿ ಆ ವಾದಕ್ಕೆ ಒಪ್ಪುವ ಉದಾಹರಣೆ ಇನ್ನೆಲ್ಲಿ ಸಿಕ್ಕೀತು?

ಹಾಗಾದರೆ ಇರುವ ಕಾನೂನಿನಲ್ಲಿ ದಾರಿಗಳೇ ಇಲ್ಲವೇ? ಕೆಲವಿವೆ. ಮೊದಲನೆಯದು ಮಗುವಿನ ಪಾಲು. ತೋಟ ಪಿತ್ರಾರ್ಜಿತ ಅವಿಭಕ್ತ ಆಸ್ತಿಯಾಗಿದ್ದರೆ ಮಗನಿಗೂ ಮಗಳಿಗೂ ಹುಟ್ಟಿನಿಂದಲೇ ಅದರಲ್ಲಿ ಹಕ್ಕಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಮತ್ತು ಸುಪ್ರೀಂ ಕೋರ್ಟಿನ 2020ರ ತೀರ್ಪಿನ ನಂತರ ಹೆಣ್ಣುಮಗುವಿನ ವಿಷಯದಲ್ಲಿ ಸಂದೇಹ ಉಳಿದಿಲ್ಲ. ತಂದೆ ತಾಯಿ ಬೇರೆಯಾದ ಮಾತ್ರಕ್ಕೆ ಆ ಹಕ್ಕು ಹೋಗುವುದಿಲ್ಲ. ತೊಡಕಿರುವುದು ತೋಟ ಪಿತ್ರಾರ್ಜಿತವೋ ಸ್ವಯಾರ್ಜಿತವೋ ಎಂಬಲ್ಲಿ. 1974ರ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಬಂದ ಜಮೀನು ಹೆಚ್ಚಾಗಿ ಮನೆಯ ಹಿರಿಯನೊಬ್ಬನ ಹೆಸರಿಗೆ ದಾಖಲಾಗಿದೆ. ಅದು ಅವನೊಬ್ಬನದೋ ಇಡೀ ಕುಟುಂಬದ್ದೋ ಎಂಬುದೇ ದೊಡ್ಡ ವ್ಯಾಜ್ಯ, ಮತ್ತು ಮಾವ ಮೈದುನರು ಸೇರುವ ಆ ಪಾಲಿನ ದಾವೆ ಸಿವಿಲ್ ನ್ಯಾಯಾಲಯದಲ್ಲಿ ಬೇರೆಯಾಗಿಯೇ ನಡೆಯಬೇಕು. ಎರಡನೆಯದು ವಾಸದ ಹಕ್ಕು. ಮನೆ ಅತ್ತೆ ಮಾವನ ಹೆಸರಿನಲ್ಲಿದ್ದರೂ ಅದು ಸಂಸಾರ ನಡೆಸಿದ ಮನೆಯಾಗಿದ್ದರೆ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಸೊಸೆ ಅಲ್ಲಿರುವ ಹಕ್ಕನ್ನು, ಇಲ್ಲವೆ ಬೇರೆ ಮನೆಯ ಬಾಡಿಗೆಯನ್ನು ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2020ರ ಅಕ್ಟೋಬರಿನಲ್ಲಿ ಹೇಳಿತು. ಇದು ಇರಲಿಕ್ಕೆ ಸಿಗುವ ಹಕ್ಕು, ಒಡೆತನವಲ್ಲ.

ಇನ್ನೊಂದು ಕಾಗದ ನಮ್ಮ ಜಿಲ್ಲೆಗೇ ವಿಶೇಷವಾಗಿ ಮುಖ್ಯ. ಕಾಡೇ ಹೆಚ್ಚಿರುವ ಉತ್ತರ ಕನ್ನಡದಲ್ಲಿ ಪಟ್ಟಾ ಇಲ್ಲದ ಅರಣ್ಯ ಜಾಗದಲ್ಲಿ ಗದ್ದೆ ತೋಟ ಮಾಡಿಕೊಂಡ ಕುಟುಂಬಗಳು ಬಹಳ. 2006ರ ಅರಣ್ಯ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಹಕ್ಕುಪತ್ರ ಕೊಡುವಾಗ ವಿವಾಹಿತರಾಗಿದ್ದರೆ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಜಂಟಿಯಾಗಿ ಕೊಡಬೇಕು. ಹೆಂಡತಿಯ ಹೆಸರು ಮೊದಲ ದಿನದಿಂದಲೇ ಇರುವ ಭೂಮಿಯ ಕಾಗದ ಇಲ್ಲಿ ಇದೊಂದೇ ಇದ್ದೀತು. ಆ ಜಾಗವನ್ನು ಮಾರುವಂತಿಲ್ಲ, ಆದರೆ ಅವಳನ್ನು ಅದರಿಂದ ಅಳಿಸುವಂತೆಯೂ ಇಲ್ಲ. ಹಕ್ಕುಪತ್ರವಿನ್ನೂ ಬಾರದ ಅತಿಕ್ರಮಣದ ತೋಟವಾದರೆ ನ್ಯಾಯಾಲಯ ಅದನ್ನು ಹಂಚಲಾರದು; ‘ಅದು ಸರ್ಕಾರದ ಜಾಗ’ ಎಂದು ಗಂಡ ಕೈತೊಳೆದುಕೊಂಡರೂ ಅದರ ಫಸಲು ಅವನ ಆದಾಯವೇ ಎಂಬುದನ್ನು ಮಾತ್ರ ಜೀವನಾಂಶದ ಲೆಕ್ಕದಲ್ಲಿ ಹಿಡಿದು ನಿಲ್ಲಿಸಬೇಕು.

ಹೆಚ್ಚಿನ ಪ್ರಕರಣಗಳು ಇಷ್ಟು ದೂರ ಬರುವ ಮೊದಲೇ ಊರ ಹಿರಿಯರ ಮುಂದೆ ಮುಗಿದುಬಿಡುತ್ತವೆ. ರಾಜಿ ಕೆಟ್ಟದ್ದಲ್ಲ, ಒಪ್ಪಿಗೆಯ ವಿಚ್ಛೇದನಕ್ಕೆ ಕಾನೂನಿನಲ್ಲೇ ದಾರಿಯಿದೆ, ಆರು ತಿಂಗಳ ಕಾಯುವ ಅವಧಿಯನ್ನೂ ತಕ್ಕ ಸಂದರ್ಭದಲ್ಲಿ ಮನ್ನಾ ಮಾಡಬಹುದೆಂದು 2017ರಲ್ಲಿ ತೀರ್ಮಾನವಾಗಿದೆ. ಆದರೆ ಛಾಪಾ ಕಾಗದದ ಮೇಲೆ ಬರೆದ ಸೋಡಚೀಟಿಯಿಂದ ಮದುವೆ ಮುರಿಯುವುದಿಲ್ಲ. ಒಂದು ಸಮುದಾಯದಲ್ಲಿ ಅಂಥ ರೂಢಿ ಹಿಂದಿನಿಂದ ನಡೆದುಬಂದಿದೆ ಎಂದು ಸಾಕ್ಷ್ಯ ಸಮೇತ ತೋರಿಸಿದರೆ ಮಾತ್ರ ಹಿಂದೂ ವಿವಾಹ ಕಾಯ್ದೆಯ 29ನೇ ಸೆಕ್ಷನ್ ಅದನ್ನು ಉಳಿಸುತ್ತದೆ. ನೋಟರಿಯ ಮುದ್ರೆ ಆ ಸಾಕ್ಷ್ಯವಲ್ಲ. ಆ ಚೀಟಿಯನ್ನು ನಂಬಿ ಗಂಡ ಇನ್ನೊಂದು ಮದುವೆಯಾದರೆ ಎರಡನೆಯವಳ ಬದುಕೂ ತೂಗುಯ್ಯಾಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಚೀಟಿಯಲ್ಲಿ ಸಾಮಾನ್ಯವಾಗಿ ಒಂದು ಸಾಲಿರುತ್ತದೆ: ‘ಇಂತಿಷ್ಟು ಹಣ ಮುಟ್ಟಿದೆ, ಇನ್ನು ಮುಂದೆ ನನಗೂ ನನ್ನ ಮಗುವಿಗೂ ಯಾವ ಹಕ್ಕುಬಾಧ್ಯತೆಯೂ ಇಲ್ಲ.’ ತಾಯಿ ತನ್ನದನ್ನು ಬಿಟ್ಟುಕೊಟ್ಟಳೆಂದೇ ಇಟ್ಟುಕೊಳ್ಳೋಣ. ಮಗುವಿನ ಜೀವನಾಂಶವನ್ನು ಬಿಟ್ಟುಕೊಡುವ ಅಧಿಕಾರ ಅವಳಿಗೂ ಇಲ್ಲ, ಆ ಹಿರಿಯರಿಗೂ ಇಲ್ಲ.

ಜೀವನಾಂಶಕ್ಕೆ ಭದ್ರತೆ ಕೇಳುವುದನ್ನು ನಮ್ಮಲ್ಲಿ ಮರೆಯುವುದೇ ಹೆಚ್ಚು. ಹಿಂದೂ ವಿವಾಹ ಕಾಯ್ದೆಯ 25ನೇ ಸೆಕ್ಷನ್ ಶಾಶ್ವತ ಜೀವನಾಂಶವನ್ನು ಗಂಡನ ಸ್ಥಿರಾಸ್ತಿಯ ಮೇಲೆ ಬೋಜಾ (ಋಣಭಾರ) ಆಗಿ ಕೂರಿಸಲು ಅನುಮತಿಸುತ್ತದೆ. ಡಿಕ್ರಿಯಲ್ಲಿ ಆ ಒಂದು ವಾಕ್ಯವಿದ್ದರೆ, ಅದರ ದೃಢೀಕೃತ ನಕಲನ್ನು ಕಂದಾಯ ಕಚೇರಿಗೆ ಕೊಟ್ಟು ಪಹಣಿಯ ಹನ್ನೊಂದನೇ ಕಾಲಮಿನಲ್ಲಿ, ಬ್ಯಾಂಕಿನ ಸಾಲ ನಮೂದಾಗುವ ಅದೇ ಜಾಗದಲ್ಲಿ, ಅದನ್ನು ಬರೆಸಬಹುದು. ಆಮೇಲೆ ಆ ತೋಟವನ್ನು ಕೊಳ್ಳಲು ಬಂದವನು ಅವಳ ಬಾಕಿಯನ್ನು ನೋಡದೆ ಮುಂದೆ ಹೋಗಲಾರ. ತೋಟ ಮಾವನ ಸ್ವಯಾರ್ಜಿತವಾಗಿದ್ದರೆ ಈ ಬಾಗಿಲೂ ಮುಚ್ಚಿದೆ. ವಾಟ್ನಿಯಾಗಿ (ಆಸ್ತಿ ಪಾಲಾಗಿ) ಗಂಡನ ಹೆಸರಿಗೆ ಹಿಸ್ಸೆ ಬೀಳುವವರೆಗೆ ಅವಳು ಪ್ರತಿ ವರ್ಷ ಪಹಣಿ ತೆಗೆಸಿ ಒಂಬತ್ತನೇ ಕಾಲಮನ್ನು ನೋಡುತ್ತಿರಬೇಕು.